ಹತ್ತು ಸೆಕೆಂಡಿನ ಕಣ್ಣು

ನಿನ್ನ ಕೆಲಸವೇನು ಎಂದು ಯಾರಾದರೂ ಕೇಳಿದರೆ ಫಕ್ರುನ್ನೀಸಾ "ನೋಡೋದು" ಎನ್ನುತ್ತಿದ್ದಳು. ನೋಡುವುದೂ ಒಂದು ಕೆಲಸವೇ ಎಂದು ನಗುವವರು ನಗಲಿ. ಅವರಿಗೆ ತಿರುಗಿ ಉತ್ತರ ಕೊಡುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ಬೆಳಿಗ್ಗೆ ಐದೂವರೆಗೆ ದೊಡ್ಡಬಳ್ಳಾಪುರದ ಹಳೇ ಬಸ್ ನಿಲ್ದಾಣದ ಬಳಿ ಕಂಪನಿ ಬಸ್ಸು ಹತ್ತಬೇಕು. ಊರಾಚೆಯ ಔಷಧಿ ಕಾರ್ಖಾನೆಯಲ್ಲಿ ಇಳಿದು, ಕೂದಲು ಕಾಣದಂತೆ ಟೋಪಿ, ಮೇಲೊಂದು ಬಿಳಿ ಗೌನು, ಕೈಗವಸು ಎಲ್ಲ ಏರಿಸಿಕೊಂಡು ದೀಪದ ಪೆಟ್ಟಿಗೆಯ ಮುಂದೆ ಕೂರಬೇಕು. ಪೆಟ್ಟಿಗೆಯ ಹಿಂಭಾಗ ಅರ್ಧ ಬಿಳಿ, ಅರ್ಧ ಕಪ್ಪು. ಹೆಬ್ಬೆರಳಿನಷ್ಟುದ್ದದ ಔಷಧಿ ಸೀಸೆಯನ್ನು ಕತ್ತು ಹಿಡಿದು ಮೆಲ್ಲಗೆ ತಿರುಗಿಸಿ ಬಿಳಿಯ ಮುಂದೆ ಐದು ಸೆಕೆಂಡು, ಕಪ್ಪಿನ ಮುಂದೆ ಐದು ಸೆಕೆಂಡು ನೋಡಬೇಕು. ಗಾಜಿನ ಚೂರು, ರಬ್ಬರಿನ ಕಣ, ಎಳೆಯಂಥದ್ದು, ಮೋಡದಂಥದ್ದು ಏನು ಕಂಡರೂ ಕೆಂಪು ತಟ್ಟೆಗೆ. ಏನೂ ಕಾಣದಿದ್ದರೆ ಹಸಿರು ತಟ್ಟೆಗೆ. ಇಪ್ಪತ್ತು ನಿಮಿಷಕ್ಕೊಮ್ಮೆ ಗಂಟೆ ಹೊಡೆಯುತ್ತದೆ, ಆಗ ಐದು ನಿಮಿಷ ಕಣ್ಣು ಮುಚ್ಚಿ ಕೂರಬಹುದು. ಹೀಗೆ ಹನ್ನೊಂದು ವರ್ಷ. ಆ ಐದು ನಿಮಿಷದಲ್ಲೂ ಮುಚ್ಚಿದ ರೆಪ್ಪೆಯೊಳಗೆ ಸೀಸೆಗಳು ತಿರುಗುತ್ತಲೇ ಇರುತ್ತವೆ ಎಂಬುದು ಆ ನಿಯಮ ಬರೆದ ಪುಣ್ಯಾತ್ಮರಿಗೆ ಗೊತ್ತಿರಲಿಲ್ಲ.

ಮದುವೆಗೆ ಮುಂಚೆ ಅವಳು ಅಬ್ಬಾನ ಹುರಿ ಮಿಷನ್ನಿನಲ್ಲಿ ಕೆಲಸ ಮಾಡಿದವಳು. ರೇಷ್ಮೆ ಎಳೆಗಳನ್ನು ಹೊಸೆಯುವ ಆ ಮಿಷನ್ನಿನಲ್ಲಿ ನೂರಾರು ಕದಿರು ಒಟ್ಟಿಗೆ ಓಡುವಾಗ ಎಲ್ಲಿ ಎಳೆ ಹರಿಯಿತು ಎಂದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತಿತ್ತು. ಮಿಷನ್ನು ಮಾರಿಹೋಯಿತು, ಅಬ್ಬಾ ಹೋದರು, ಗಂಡ ಮಸ್ತಾನನ ಬೆನ್ನು ಮಗ್ಗದ ಗುಂಡಿಯಲ್ಲಿ ಕೂತು ಕೂತು ಕೆಟ್ಟಿತು. ಕಾರ್ಖಾನೆಗೆ ಹೆಂಗಸರು ಬೇಕೆಂದಾಗ ಅವಳು ಅರ್ಜಿ ಹಾಕಿದಳು. ಸಂದರ್ಶನದಲ್ಲಿ ವೇಣುಗೋಪಾಲ್ ಎಂಬ ಹಿರಿಯ ವಿಜ್ಞಾನಿ, ಅವಳು ರೇಷ್ಮೆ ಕೆಲಸ ಗೊತ್ತು ಎಂದದ್ದೇ ತಡ, ಬೇರೇನೂ ಕೇಳದೆ ತೆಗೆದುಕೊಂಡರು.

ಹೊಸದಾಗಿ ಸೇರಿದ ಹೆಂಗಸರಿಗೆಲ್ಲ ಪಾಠ ಮಾಡುತ್ತಿದ್ದವರೂ ಅವರೇ. ಹೆಂಗಸರಿಗೆ ಇದೆಲ್ಲ ಯಾಕೆ, ಕಸ ಕಂಡರೆ ಎತ್ತಿಟ್ಟರೆ ಸಾಕು ಎಂದ ಮ್ಯಾನೇಜರರನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು ಪಾಠ ಮಾಡುತ್ತಿದ್ದರು.

"ನಿಮ್ಮ ರೇಷ್ಮೆನೂ ಪ್ರೋಟೀನೇ, ಈ ಸೀಸೇಲಿರೋದೂ ಪ್ರೋಟೀನೇ," ಎಂದಿದ್ದರು ಅವರು. "ಪ್ರೋಟೀನ್ ಅಂದ್ರೆ ಉದ್ದನೇ ಎಳೆ. ಅದು ತನ್ನಷ್ಟಕ್ಕೆ ಮಡಚ್ಕೊಂಡು ಒಂದು ಆಕಾರದಲ್ಲಿ ಕೂತಿರುತ್ತೆ. ಆ ಆಕಾರ ಇದ್ರೇನೇ ಅದು ಔಷಧಿ. ಬಿಸಿ ತಗುಲಿದ್ರೆ, ಜೋರಾಗಿ ಕುಲುಕಿದ್ರೆ ಮಡಿಕೆ ಬಿಚ್ಕೊಳ್ಳುತ್ತೆ. ಬಿಚ್ಕೊಂಡಿದ್ದು ಪಕ್ಕದ್ದಕ್ಕೆ ಅಂಟ್ಕೊಳ್ಳುತ್ತೆ, ಅದು ಇನ್ನೊಂದಕ್ಕೆ. ಗಂಟು ದೊಡ್ಡದಾದಾಗ ನಿಮ್ಮ ಕಣ್ಣಿಗೆ ಕಾಣುತ್ತೆ. ಅದಕ್ಕೇ ನಾವು ಅದರ ಮೈಗೆ ಪಾಲಿಮರಿನ ಒಂದು ಬಾಲ ಅಂಟಿಸ್ತೀವಿ. ಆ ಬಾಲಕ್ಕೆ ನೀರು ಅಂದ್ರೆ ಪ್ರಾಣ. ಸುತ್ತಲೂ ನೀರು ಹಿಡ್ಕೊಂಡಿರುತ್ತೆ. ಪಕ್ಕದ್ದು ಅಷ್ಟು ಸುಲಭವಾಗಿ ಹತ್ರ ಬರಕ್ಕಾಗಲ್ಲ."

"ಬಾಲ ಅಂಟಿಸಿದ್ರೆ ಒಳಗಿನ ಮಡಿಕೆ ಕೆಡಲ್ವಾ ಸಾರ್?" ಎಂದು ಫಕ್ರುನ್ನೀಸಾ ಕೇಳಿದ್ದಳು.

ವೇಣುಗೋಪಾಲ್ ಸಂತೋಷದಿಂದ ಮೇಜು ಕುಟ್ಟಿದ್ದರು. "ಕೇಳ್ಬೇಕಾದ ಪ್ರಶ್ನೆ ಅದು! ಹೆಚ್ಚುಕಮ್ಮಿ ಹಾಗೇ ಇರುತ್ತೆ. ಆದ್ರೆ ಎಲ್ಲಿ ಅಂಟಿಸ್ತೀವಿ, ಎಷ್ಟು ಅಂಟಿಸ್ತೀವಿ ಅನ್ನೋದೇ ಮುಖ್ಯ. ಕೆಲಸ ಮಾಡೋ ಜಾಗದ ಮೇಲೇ ಅಂಟಿಸಿದ್ರೆ ಕೈ ಕಟ್ಟಿಹಾಕಿದ ಹಾಗೆ. ಸರಿಯಾದ ಜಾಗದಲ್ಲಿ ಅಂಟಿಸಿದ್ರೂ ಚುರುಕು ಒಂಚೂರು ಕಮ್ಮಿ ಆಗುತ್ತೆ. ಆದ್ರೆ ಮೈಯಲ್ಲಿ ಬಹಳ ದಿನ ಉಳಿಯುತ್ತೆ. ದಿನಾ ಚುಚ್ಚಿಸ್ಕೊಳ್ಳೋ ರೋಗಿ ಹದಿನೈದು ದಿನಕ್ಕೊಂದು ಸಲ ಚುಚ್ಚಿಸ್ಕೊಂಡ್ರೆ ಸಾಕು."

"ಹಂಗಾದ್ರೆ ಕೆಡೋದೇ ಇಲ್ಲ ಅನ್ನಿ."

"ಕೆಡುತ್ತೆ ಕಣಮ್ಮಾ. ನಿಧಾನವಾಗಿ ಕೆಡುತ್ತೆ."

ಪ್ರತಿ ವರ್ಷ ಮಾರ್ಚ್ ತಿಂಗಳು ಬಂತೆಂದರೆ ನೋಡುವವರಿಗೇ ಪರೀಕ್ಷೆ. ಅದಕ್ಕೆಂದು ನೂರು ಸೀಸೆಗಳ ಒಂದು ಕಿಟ್ಟು ಇತ್ತು. ಐದು ವರ್ಷದ ಹಿಂದೆ ಕೆಲಸ ಬಿಡುವ ಮುಂಚೆ ವೇಣುಗೋಪಾಲರೇ ತಯಾರಿಸಿಟ್ಟು ಹೋದದ್ದು. ಅದರಲ್ಲಿ ಎಂಬತ್ತೆಂಟು ಒಳ್ಳೆಯವು, ಹನ್ನೆರಡು ಬೇಕೆಂದೇ ಕೆಡಿಸಿದವು. ಕೆಟ್ಟವುಗಳಲ್ಲಿ ಹತ್ತನ್ನಾದರೂ ಹಿಡಿಯಬೇಕು, ಒಳ್ಳೆಯವುಗಳಲ್ಲಿ ನಾಲ್ಕಕ್ಕಿಂತ ಹೆಚ್ಚನ್ನು ಕೆಟ್ಟದ್ದೆನ್ನಬಾರದು. ಎರಡು ಸಲ ಫೇಲಾದರೆ ದೀಪದ ಮುಂದಿನ ಕುರ್ಚಿ ಹೋಗುತ್ತದೆ. ಕಾಯಂ ಆದವರನ್ನು ಪ್ಯಾಕಿಂಗಿಗೆ ಕಳಿಸುತ್ತಾರೆ, ಅಲ್ಲಿ ಎಂಟು ಗಂಟೆ ನಿಂತೇ ಇರಬೇಕು. ಕಾಯಂ ಆಗದವರು ಸೀದಾ ಮನೆಗೆ.

ಫಕ್ರುನ್ನೀಸಾ ಐದು ವರ್ಷವೂ ಆ ಕಿಟ್ಟಿನಲ್ಲಿ ನೂರಕ್ಕೆ ನೂರು. ಕಿಟ್ಟಿಗೂ ಪರೀಕ್ಷೆಗೆ ಕೂತವರಿಗೂ ತಕರಾರು ಬಂದರೆ ಇಲಾಖೆಯ ಹಳಬರಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದವರು ನೋಡಿ ಹೇಳಿದ್ದೇ ಕೊನೆ. ಅದಕ್ಕೆ ಹಿರೀ ಕಣ್ಣು ಎಂದು ಹೆಸರು. ಆ ಹಿರೀ ಕಣ್ಣು ಅವಳದೇ ಆಗಿತ್ತು.

ಆ ಕಣ್ಣಿನ ಗುಟ್ಟು ಈಗ ಹೇಳಬೇಕು. ಎರಡು ವರ್ಷದಿಂದ ಅವಳ ಎರಡೂ ಕಣ್ಣಲ್ಲಿ ಪೊರೆ ಬೆಳೆಯುತ್ತಿತ್ತು. ದೀಪಕ್ಕೆ ಹಿಡಿದ ಪ್ರತಿಯೊಂದು ಸೀಸೆಯ ಸುತ್ತಲೂ ಅವಳಿಗೆ ಹಾಲು ಕಲಸಿದಂಥ ಬೆಳಕು ಕಾಣುತ್ತಿತ್ತು. ಕಣ್ಣಿನ ಡಾಕ್ಟರು ಆಪರೇಷನ್ ಮಾಡಿಸಿ ಎಂದರು. ಮಸ್ತಾನ್ ದಿನ ಬೆಳಗಾದರೆ ಅದನ್ನೇ ಹೇಳಿದ. ಆಪರೇಷನ್ ಎಂದರೆ ರಜೆ, ರಜೆ ಎಂದರೆ ಕಾರಣ, ಕಾರಣ ಗೊತ್ತಾದ ಮೇಲೆ ಪೊರೆ ತೆಗೆಸಿದವಳಿಗೆ ಮತ್ತೆ ಆ ಕುರ್ಚಿ ಕೊಡುತ್ತಾರೆಂಬ ನಂಬಿಕೆ ಅವಳಿಗಿರಲಿಲ್ಲ. ಕಂಪನಿಯ ಡಾಕ್ಟರು ಗೋಡೆಗೆ ತೂಗುಹಾಕುವ ಅಕ್ಷರದ ಪಟ ಯಾವಾಗಲೂ ಒಂದೇ. ಅದು ಅವಳಿಗೆ ಮಗ್ಗಿಯ ಹಾಗೆ ಬಾಯಿಪಾಠ.

ಕಿಟ್ಟೂ ಹಾಗೆಯೇ. ನಂಬರನ್ನು ಚೀಟಿಯಿಂದ ಮುಚ್ಚಿ, ಸೀಸೆಗಳನ್ನು ಕಲೆಸಿಕೊಡುತ್ತಿದ್ದರು ನಿಜ. ಆದರೆ ಐದು ವರ್ಷ ಅವೇ ಸೀಸೆಗಳು. ಗಾಜಿನ ಚೂರಿದ್ದ ಸೀಸೆಯ ಅಲ್ಯೂಮಿನಿಯಂ ಮುಚ್ಚಳದ ಅಂಚಿನಲ್ಲಿ ಒಂದು ಸಣ್ಣ ತಗ್ಗು. ಎಳೆ ತೇಲುತ್ತಿದ್ದುದರ ಕತ್ತಿನ ಕೆಳಗೆ ಗೀಚು. ಇನ್ನೊಂದರ ತಳ ಒಂದು ಕಡೆ ಒರಟು. ಹುರಿ ಮಿಷನ್ನಿನಲ್ಲಿ ಪಳಗಿದ ಬೆರಳಿಗೆ ಕೈಗವಸು ಒಂದು ಅಡ್ಡಿಯೇ ಅಲ್ಲ. ಮೋಸ ಮಾಡಬೇಕೆಂದು ಅವಳು ಕಲಿತದ್ದಲ್ಲ. ಕಣ್ಣು ನೋಡುತ್ತಿದ್ದ ಕಾಲದಲ್ಲೇ ಬೆರಳು ತನ್ನ ಪಾಡಿಗೆ ಕಲಿತಿಟ್ಟುಕೊಂಡಿತ್ತು. ಕಣ್ಣು ಸೋತಾಗ ಬೆರಳು ಮುಂದೆ ಬಂತು. ಅವಳು ಬೇಡವೆನ್ನಲಿಲ್ಲ, ಅದು ಅವಳ ತಪ್ಪು. ಅವಳೊಬ್ಬಳೇ ಅಲ್ಲ, ಪಕ್ಕದ ಪೆಟ್ಟಿಗೆಯ ಮುನಿಲಕ್ಷ್ಮಮ್ಮನಿಗೂ ಏಳೆಂಟು ಗುರುತು ಗೊತ್ತಿದ್ದವು. ರಾಜಘಟ್ಟದಿಂದ ಬರುವ ಈಕೆ ಫಕ್ರುನ್ನೀಸಾಳ ಜೊತೆಗೇ ಸೇರಿದವಳು, ಬಸ್ಸಿನಲ್ಲಿ ಅವಳಿಗೆ ಸೀಟು ಹಿಡಿದಿಡುವವಳು. ಇಬ್ಬರೂ ಆ ಮಾತನ್ನು ಯಾವತ್ತೂ ಬಾಯಿಬಿಟ್ಟು ಆಡಿರಲಿಲ್ಲ.

ಆ ವರ್ಷ ಪರೀಕ್ಷೆಗೆ ಸಿಂಚನ ಎಂಬ ಹೊಸ ಹುಡುಗಿಯೂ ಕೂತಳು. ತೂಬಗೆರೆ ಕಡೆಯ ರೈತರ ಮನೆಯವಳು, ಬಿಎಸ್ಸಿ ಮುಗಿಸಿ ಆರು ತಿಂಗಳ ಕರಾರಿನ ಮೇಲೆ ಸೇರಿದ್ದಳು. ಹನ್ನೆರಡು ಕೆಟ್ಟವುಗಳಲ್ಲಿ ಹನ್ನೆರಡನ್ನೂ ಹಿಡಿದಳು. ಆದರೆ ಅವುಗಳ ಜೊತೆ ಒಂಬತ್ತು ಒಳ್ಳೆಯವನ್ನೂ ಕೆಂಪು ತಟ್ಟೆಗೆ ಹಾಕಿದ್ದಳು. ಫೇಲು. ಮಾರನೆಯ ದಿನ ಮತ್ತೆ ಕೂರಿಸಿದರು. ಸೀಸೆ ಕಲೆಸಿ ಕೊಟ್ಟರೂ ಮತ್ತೆ ಒಂಬತ್ತು. ನಂಬರು ತೆಗೆದು ನೋಡಿದರೆ ಅವೇ ಒಂಬತ್ತು.

ಆನಂದ್ ಎಂಬ ಗುಣಮಟ್ಟದ ಅಧಿಕಾರಿಗೆ ಇದು ತಲೆನೋವಾಯಿತು. ಆತ ಕೆಟ್ಟವನಲ್ಲ, ಕಾಗದ ನಂಬುವವನು. ಕಿಟ್ಟಿನ ಆಯುಸ್ಸು ಎರಡೇ ವರ್ಷವೆಂದು ವೇಣುಗೋಪಾಲ್ ಬರೆದಿಟ್ಟಿದ್ದರು. ಪಾಲಿಮರ್ ಅಂಟಿಸಿದ ಪ್ರೋಟೀನು, ಫ್ರಿಜ್ಜಿನಲ್ಲಿಟ್ಟರೆ ಏನೂ ಆಗುವುದಿಲ್ಲ ಎಂದು ಟಿಪ್ಪಣಿ ಹಾಕಿ ಅದನ್ನು ಎರಡು ಸಲ ಮುಂದಕ್ಕೆ ತಳ್ಳಿದವನು ಆನಂದನೇ. ಹೊಸ ಕಿಟ್ಟು ತಯಾರಿಸುವುದೆಂದರೆ ಮೂರು ತಿಂಗಳ ಕೆಲಸ, ಅವನಿಗೆ ಮೂರು ದಿನದ ಪುರಸೊತ್ತೂ ಇರಲಿಲ್ಲ. ಕಾಗದದ ಪ್ರಕಾರ ಆ ಒಂಬತ್ತೂ ಒಳ್ಳೆಯವೇ. ಹಿರೀ ಕಣ್ಣೂ ಅವನ್ನು ಒಳ್ಳೆಯವೆಂದೇ ಹೇಳಿದೆ, ಅದೂ ಹೋದ ವಾರವಷ್ಟೇ. ಮತ್ತೆ ತಕರಾರೇನು?

ಸಂಜೆ ಬಸ್ಸಿನಲ್ಲಿ ಸಿಂಚನ ಫಕ್ರುನ್ನೀಸಾಳ ಪಕ್ಕ ಬಂದು ಕೂತಳು. ಅತ್ತು ಮುಗಿಸಿದ ಮುಖ.

"ಆಪಾ, ಒಂದ್ ಮಾತು ಕೇಳ್ಲಾ? ಇಲ್ಲದ್ದು ಕಣ್ಣಿಗೆ ಕಾಣೋ ಕಾಯಿಲೆ ಏನಾದ್ರೂ ಇದ್ಯಾ?"

"ಯಾಕಮ್ಮಾ ಹಂಗಂತೀಯ?"

"ಆ ಒಂಬತ್ರಲ್ಲೂ ಕಾಣುತ್ತೆ ಆಪಾ. ಕಪ್ಪಿನ ಮುಂದೆ ಹಿಡಿದ್ರೆ ಸಣ್ಣ ಸಣ್ಣ ತುಣುಕು, ಅಕ್ಕಿ ತೊಳೆದ ನೀರು ತಿಳಿಯಾದ್ಮೇಲೂ ಒಂಚೂರು ಉಳಿಯುತ್ತಲ್ಲ, ಹಂಗೆ. ನಿಮಗೆ ಏನೂ ಕಾಣ್ಲಿಲ್ವಂತೆ. ಹನ್ನೊಂದು ವರ್ಷದಿಂದ ನೋಡ್ತಿರೋರು ನೀವು. ನಂಗೇ ಏನೋ ಆಗಿರ್ಬೇಕು. ಕಣ್ಣು ಸರಿಯಿಲ್ಲ ಅಂತ ಕಾಗದದಲ್ಲಿ ಬರೆದ್ಬಿಟ್ರೆ ಇನ್ಯಾವ ಕಂಪನೀಲೂ ತಗೊಳ್ಳಲ್ಲ."

ಫಕ್ರುನ್ನೀಸಾ ಆ ಒಂಬತ್ತನ್ನು ನೋಡಿಯೇ ಇರಲಿಲ್ಲ. ಹನ್ನೆರಡರ ಗುರುತು ಬೆರಳಿಗೆ ಸಿಕ್ಕ ಮೇಲೆ ಉಳಿದ ಎಂಬತ್ತೆಂಟನ್ನು ಲೆಕ್ಕಕ್ಕೆ ಹತ್ತು ಹತ್ತು ಸೆಕೆಂಡು ದೀಪಕ್ಕೆ ಹಿಡಿದು ಹಸಿರು ತಟ್ಟೆಗೆ ಸಾಲಾಗಿ ಜೋಡಿಸಿದ್ದಳು. ಐದು ವರ್ಷ ಆ ಸೀಸೆಗಳು ಫ್ರಿಜ್ಜಿನಿಂದ ಹೊರಗೆ ಬಂದು, ಬೆಚ್ಚಗಿನ ಕೋಣೆಯಲ್ಲಿ ನಲವತ್ತು ಕೈಗಳಲ್ಲಿ ತಿರುಗಿ ಮತ್ತೆ ಫ್ರಿಜ್ಜಿಗೆ ಹೋಗಿದ್ದವು. ಬಾಲ ಅಂಟಿಸಿದ್ದರೇನು, ಒಳಗಿನ ಮಡಿಕೆ ಎಷ್ಟು ಕಾಲ ತಡೆದೀತು? ಒಳ್ಳೆಯವೇ ಕೆಟ್ಟಿದ್ದವು. ಇದ್ದದ್ದನ್ನು ಕಂಡ ಹುಡುಗಿ ಫೇಲಾಗಿದ್ದಳು, ಕಣ್ಣೇ ಕಾಣದವಳು ಪಾಸಾಗಿದ್ದಳು.

ಅವಳು ಹುಡುಗಿಯ ಬೆನ್ನು ಸವರಿ ತನ್ನ ನಿಲ್ದಾಣದಲ್ಲಿ ಇಳಿದುಹೋದಳು. ಮನೆಯಲ್ಲಿ ಮಸ್ತಾನ್ ಚಹಾ ಕೊಟ್ಟ. ಅವಳು ಅದನ್ನು ಆರಲು ಬಿಟ್ಟು, ಮಂಡಿ ಒತ್ತಿಕೊಳ್ಳುತ್ತಾ ಎಲ್ಲವನ್ನೂ ಅವನಿಗೆ ಹೇಳಿದಳು.

"ಸುಮ್ನಿದ್ರೆ ಏನಾಗುತ್ತೆ?" ಎಂದು ಅವನು ಕೇಳಿದ.

"ಏನೂ ಆಗಲ್ಲ. ಹುಡುಗಿ ಊರಿಗೆ ಹೋಗ್ತಾಳೆ."

"ಹೇಳಿದ್ರೆ?"

"ನಾನು ಪ್ಯಾಕಿಂಗ್‌ಗೆ ಹೋಗ್ತೀನಿ. ಈ ಕಾಲಲ್ಲಿ ಎಂಟು ಗಂಟೆ ನಿಲ್ಬೇಕು. ಅಲ್ಲೂ ಇಟ್ಕೊಂಡ್ರೆ."

ಮಸ್ತಾನ್ ಆರಿದ ಚಹಾ ತೆಗೆದುಕೊಂಡು ಹೋಗಿ ಮತ್ತೆ ಬಿಸಿಮಾಡಿ ತಂದ. ಅವನು ಬೇಡ ಎಂದಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು.

ಮರುದಿನ ಹತ್ತು ಗಂಟೆಗೆ ಆನಂದ್ ಅವಳನ್ನು ಕರೆಸಿದ. ಮೇಜಿನ ಮೇಲೆ ಕಿಟ್ಟಿನ ನೂರು ಸೀಸೆ, ಪಕ್ಕದಲ್ಲಿ ದೀಪದ ಪೆಟ್ಟಿಗೆ, ಗೋಡೆಗೆ ಒರಗಿ ಸಿಂಚನ. ಸಾಕ್ಷಿಗೆಂದು ಮುನಿಲಕ್ಷ್ಮಮ್ಮನನ್ನೂ ಕೂರಿಸಿದ್ದರು.

"ಏನಿಲ್ಲ ಆಪಾ, ಐದು ನಿಮಿಷದ ಕೆಲಸ," ಎಂದ ಆನಂದ್. "ಈ ಒಂಬತ್ತು ನೋಡ್ಬಿಡಿ. ಕ್ಲಿಯರ್ ಅಂತ ಇಲ್ಲಿ ಸೈನ್ ಹಾಕಿ. ನಾನೂ ಫೈಲು ಕ್ಲೋಸ್ ಮಾಡ್ತೀನಿ."

ಅವಳು ಮೊದಲನೆಯದನ್ನು ಕಪ್ಪಿನ ಮುಂದೆ ಹಿಡಿದು ತಿರುಗಿಸಿದಳು. ಪೂರ್ತಿ ಮನಸ್ಸಿಟ್ಟು, ಉಸಿರು ಬಿಗಿಹಿಡಿದು ನೋಡಿದಳು. ಎಲ್ಲ ಸೀಸೆಗಳಲ್ಲೂ ಕಾಣುವ ಅದೇ ಹಾಲುಬೆಳಕು. ಅದರೊಳಗೆ ತುಣುಕಿದ್ದರೂ ಸರಿ, ಇಲ್ಲದಿದ್ದರೂ ಸರಿ. ಹುಡುಗಿ ತನ್ನ ಬಾಯನ್ನೇ ನೋಡುತ್ತಿದ್ದಾಳೆಂದು ಗೊತ್ತಾಗುತ್ತಿತ್ತು. ತಾನು ಹೂಂ ಎಂದುಬಿಟ್ಟರೆ ಈ ಹುಡುಗಿ ಇನ್ನು ಜನ್ಮದಲ್ಲಿ ತನ್ನ ಕಣ್ಣನ್ನು ತಾನು ನಂಬುವುದಿಲ್ಲ ಎಂಬ ಯೋಚನೆ ಬಂದು ಅವಳಿಗೆ ನಾಚಿಕೆಯಾಯಿತು, ತಡೆಯಲಾಗದಷ್ಟು ನಾಚಿಕೆ.

ಅವಳು ಸೀಸೆ ಕೆಳಗಿಟ್ಟಳು. "ಸಾರ್, ಆ ನೂರೂ ನನ್ನ ಮುಂದೆ ತಳ್ಳಿ. ದೀಪ ಆರಿಸ್ಬಿಡಿ."

"ಯಾಕೆ ಆಪಾ?"

"ಆರಿಸಿ ಸಾರ್."

ದೀಪ ಆರಿತು. ಫಕ್ರುನ್ನೀಸಾ ಕಣ್ಣು ಮುಚ್ಚಿಕೊಂಡು ಒಂದೊಂದೇ ಸೀಸೆಯ ಮುಚ್ಚಳದಿಂದ ತಳದವರೆಗೆ ಬೆರಳಾಡಿಸತೊಡಗಿದಳು. "ಇದು ಗಾಜಿನ ಚೂರು," ಎಂದು ಒಂದನ್ನು ಪಕ್ಕಕ್ಕಿಟ್ಟಳು. ಸ್ವಲ್ಪ ಹೊತ್ತಿಗೆ, "ಇದು ಎಳೆ." ಆಮೇಲೆ, "ಇದು ರಬ್ಬರು." ಮುನಿಲಕ್ಷ್ಮಮ್ಮ ಒಮ್ಮೆ "ಲೇ ಫಕ್ರು, ಸಾಕು ಬಿಡೇ" ಎಂದು ಪಿಸುಗುಟ್ಟಿದಳು. ಕಾಲು ಗಂಟೆಯಲ್ಲಿ ಹನ್ನೆರಡು ಸೀಸೆಗಳು ಸಾಲಾಗಿ ನಿಂತವು. ಆನಂದ್ ಚೀಟಿ ಕಿತ್ತು ನಂಬರು ನೋಡಿದ. ಒಂದೂ ತಪ್ಪಿರಲಿಲ್ಲ.

"ಎರಡು ವರ್ಷದಿಂದ ನಾನು ಪಾಸಾಗ್ತಿರೋದು ಹಿಂಗೆ," ಎಂದಳು ಅವಳು. "ನನ್ನ ಕಣ್ಣಲ್ಲಿ ಪೊರೆ ಇದೆ. ಆ ಒಂಬತ್ರಲ್ಲಿ ಏನಿದೆಯೋ ನಂಗೆ ಗೊತ್ತಿಲ್ಲ ಸಾರ್. ಈ ಮಗು ಇದೆ ಅಂದ್ರೆ ಇರುತ್ತೆ. ಲ್ಯಾಬಿಗೆ ಕಳಿಸಿ ನೋಡಿ."

ಲ್ಯಾಬಿನ ವರದಿ ನಾಲ್ಕು ದಿನಕ್ಕೆ ಬಂತು. ಒಂಬತ್ತರಲ್ಲೂ ಪ್ರೋಟೀನು ಗಂಟುಕಟ್ಟಿತ್ತು. ಬಾಲಗಳು ಅಂಟಿದ ಜಾಗದಲ್ಲೇ ಇದ್ದವಂತೆ, ಸಡಿಲವಾದದ್ದು ಒಳಗಿನ ಮಡಿಕೆ. ಸಿಂಚನಳ ಹೆಸರಿನ ಮುಂದೆ ಪಾಸೆಂದು ಬರೆದರು, ಫಕ್ರುನ್ನೀಸಾಳನ್ನು ಪ್ಯಾಕಿಂಗಿಗೆ ಕಳಿಸಿದರು. ಹೊಸ ಕಿಟ್ಟು ಬರುವವರೆಗೆ ಎಲ್ಲ ಹೆಂಗಸರ ಪರೀಕ್ಷೆಯೂ ರದ್ದಾಯಿತು. ಹೊಸದು ಬಂದಾಗ ಮುನಿಲಕ್ಷ್ಮಮ್ಮನೂ ಇನ್ನಿಬ್ಬರೂ ಎರಡೂ ಸಲ ಫೇಲಾದರು.

"ಸತ್ಯ ಹೇಳೋ ಹುಚ್ಚು ಹಿಡಿದಿದ್ರೆ ನಿಂದು ಮಾತ್ರ ಹೇಳ್ಕೋಬೇಕಿತ್ತು," ಎಂದಳು ಮುನಿಲಕ್ಷ್ಮಮ್ಮ. "ನಮ್ಮನ್ಯಾಕೆ ಎಳೆದೆ?"

ನಿನ್ನ ಹೆಸರು ನಾನೆತ್ತಲಿಲ್ಲ ಕಣೇ ಎಂದು ಫಕ್ರುನ್ನೀಸಾ ಅನ್ನಬಹುದಿತ್ತು. ಅಂದಿನಿಂದ ಬಸ್ಸಿನಲ್ಲಿ ಅವಳಿಗೆ ಯಾರೂ ಸೀಟು ಹಿಡಿಯುತ್ತಿರಲಿಲ್ಲ. ಪ್ಯಾಕಿಂಗಿನಲ್ಲಿ ಎಂಟು ಗಂಟೆ ನಿಂತು, ದಾರಿಯುದ್ದಕ್ಕೂ ಕಂಬಿ ಹಿಡಿದು ನಿಂತು ಮನೆಗೆ ಬರುವ ಹೊತ್ತಿಗೆ ಕಾಲು ಬೇರೆ ಯಾರದೋ ಆಗಿರುತ್ತಿತ್ತು. ಒಳ್ಳೆಯದು ಮಾಡಿದವರಿಗೆ ನಿದ್ದೆ ಚೆನ್ನಾಗಿ ಬರುತ್ತದೆ ಎನ್ನುವವರು ಅವಳ ಮಂಡಿಯನ್ನು ಒಮ್ಮೆ ಹೊತ್ತುಕೊಂಡು ಮಲಗಬೇಕು.

ಅವಳು ಹಸಿರು ತಟ್ಟೆಗೆ ಹಾಕಿದ ಮಾಲಿನ ಪೈಕಿ ಗೋದಾಮಿನಲ್ಲಿ ಉಳಿದಿದ್ದ ಪೆಟ್ಟಿಗೆಗಳನ್ನೆಲ್ಲ ಒಡೆಸಿ ಮತ್ತೆ ನೋಡಿಸಿದರು. ನೋಡಿದವಳು ಸಿಂಚನ. ಒಂದು ಮಧ್ಯಾಹ್ನ ಊಟದ ಕೋಣೆಯಲ್ಲಿ ಅವಳು ಎದುರು ಬಂದು ಕೂತಾಗಲೇ ಫಕ್ರುನ್ನೀಸಾಗೆ ಅರ್ಥವಾಯಿತು.

"ಎಷ್ಟು?"

"ನಾಲ್ಕು ಆಪಾ. ಅಷ್ಟು ಸಾವಿರದಲ್ಲಿ ನಾಲ್ಕೇ."

"ಹೊರಗೆ ಹೋಗಿರೋ ಪೆಟ್ಟಿಗೆಗಳು?"

"ಎಲ್ಲಾ ಕಡೆಗೂ ಕಾಗದ ಬರೆದಿದ್ದಾರೆ. ಉಳಿದಿರೋದನ್ನ ವಾಪಸ್ ತರಿಸ್ತಾರಂತೆ. ಇಲ್ಲೀವರ್ಗೂ ಯಾವ ಆಸ್ಪತ್ರೆಯಿಂದಲೂ ಕಂಪ್ಲೇಂಟ್ ಬಂದಿಲ್ವಂತೆ."

"ಚುಚ್ಚಿ ಮುಗಿದಿರೋದು?"

ಸಿಂಚನ ತಟ್ಟೆಯಲ್ಲಿದ್ದ ಅನ್ನವನ್ನು ಬೆರಳಿನಿಂದ ಅತ್ತಿತ್ತ ಸರಿಸಿದಳು.

ರಂಜಾನ್ ಮುಗಿದ ಮೇಲೆ ಫಕ್ರುನ್ನೀಸಾ ಬಲಗಣ್ಣಿನ ಆಪರೇಷನ್ ಮಾಡಿಸಿಕೊಂಡಳು. ಪಟ್ಟಿ ಬಿಚ್ಚಿದಾಗ ಮಸ್ತಾನನ ಗಡ್ಡ ಇಷ್ಟು ನರೆತದ್ದು ಯಾವಾಗ ಎಂದು ಅವಳಿಗೆ ಗಾಬರಿಯಾಯಿತು. ಎರಡು ತಿಂಗಳು ಕಳೆದ ಮೇಲೆ, ಕೆಲಸಕ್ಕೆ ಹಿಂತಿರುಗಿದ ದಿನವೇ, ಅವಳು ಪ್ಯಾಕಿಂಗಿಗೆ ಹೋಗುವ ಮುಂಚೆ ಆನಂದನ ಕೋಣೆಗೆ ಹೋಗಿ ನಿಂತಳು.

"ಆ ನಾಲ್ಕು ಸೀಸೆ ಇಟ್ಟಿದ್ದೀರಾ ಸಾರ್? ನಾನು ಒಂದ್ಸಲ ನೋಡ್ಬೇಕು."

"ಬೇಡ ಬಿಡಿ ಆಪಾ. ಅದರಿಂದ ಏನುಪಯೋಗ?"

"ನೋಡ್ಬೇಕು."

ಆನಂದ್ ಕಪಾಟಿನಿಂದ ತಂದುಕೊಟ್ಟ. ಅವಳು ಕೂರಲಿಲ್ಲ. ನಿಂತೇ ಮೊದಲನೆಯದನ್ನು ದೀಪಕ್ಕೆ ಹಿಡಿದಳು. ಹತ್ತು ಸೆಕೆಂಡು ಬೇಕಾಗಲಿಲ್ಲ, ಐದೂ ಬೇಕಾಗಲಿಲ್ಲ. ಕಪ್ಪಿನ ಮುಂದೆ ಒಂದು ಬಿಳಿ ಎಳೆ, ಉಗುರಿನಷ್ಟು ಉದ್ದ, ನೀರಿನಲ್ಲಿ ನಿಧಾನವಾಗಿ ತಿರುಗುತ್ತಿತ್ತು. ಸೂಕ್ಷ್ಮವಾದದ್ದೇನಲ್ಲ. ದಾರಿಯಲ್ಲಿ ಹೋಗುವ ಯಾರನ್ನಾದರೂ ಕರೆದು ತೋರಿಸಿದ್ದರೂ ಕಂಡುಬಿಡುವಂಥದ್ದು.

"ಇಷ್ಟು ದೊಡ್ಡದಾ ಸಾರ್?" ಎಂದಳು. ಆನಂದ್ ಏನೋ ಸಮಾಧಾನ ಹೇಳಿದ. ಅವಳು ಅದನ್ನು ಕೇಳಿಸಿಕೊಳ್ಳದೆ ಎರಡನೆಯ ಸೀಸೆ ಎತ್ತಿಕೊಂಡಳು.